ತಲೆಯಿಲ್ಲದ ಹಾಡಿನ ದುಗ್ಗಪ್ಪ

ಗಕ್ಕನೆ ಲಾಂಚಿನ ಎಂಜಿನ್ ನಿಲ್ಲಿಸಿ ದುಗ್ಗಪ್ಪ ಎಣ್ಣೆಗೈಯನ್ನು ಖಾಕಿ ಚಡ್ಡಿಗೆ ಒರೆಸಿಕೊಳ್ಳುತ್ತಾರೆ, ಸೊಂಟದಿಂದ ಕೊಳಲು ಎಳೆಯುತ್ತಾರೆ. ನೀರಿನಡಿ ಮುಳುಗಿದ ಮರಗಳ ಬೊಡ್ಡೆಗಳಿವೆ. ದಡ ಹತ್ತಿರವಾದಂತೆ ಲಾಂಚು ಮೆಲ್ಲಗೆ ತೇಲಿಕೊಂಡೇ ಹೋಗಬೇಕು. ಬೆಳಗಿನ ಮಂಜಿನಲ್ಲಿ ತುಮರಿಯ ದಡ ಕಾಣುವುದಿಲ್ಲ. ದುಗ್ಗಪ್ಪ ಊದುತ್ತಾರೆ. ಮಂಜಿನಾಚೆ ಪುಟ್ಟ ಕಾಲುಗಳು ಓಡಿಬರುವ ಸದ್ದು, ಬುತ್ತಿ ಡಬ್ಬಿಗಳ ಗಲಗಲ.

ಅದು ಭಾನುವಾರ ರೇಡಿಯೋದಲ್ಲಿ ಮಕ್ಕಳ ಕಾರ್ಯಕ್ರಮ ಶುರುವಾಗುವಾಗ ಬರುವ ವಾದ್ಯದ ಹಾಡು. ಆದರೆ ದುಗ್ಗಪ್ಪ ಊದುವುದು ಅರ್ಧದಿಂದ.

“ನಿನ್ನ ಹಾಡಿಗೆ ತಲೇನೇ ಇಲ್ಲ ಮಾರಾಯ, ಬರೀ ಬಾಲ!” ಚುಕ್ಕಾಣಿ ಹಿಡಿದ ಬೆಳ್ಳಪ್ಪ ದಿನಾ ಛೇಡಿಸುತ್ತಾರೆ.

ತಪ್ಪು ಎಂಜಿನ್ನಿನದು. ಎದುರು ದಡದ ಹೊಳೆಬಾಗಿಲಿನಲ್ಲಿರುವ ಜಲಜಮ್ಮನ ಚಾ ಅಂಗಡಿಯ ರೇಡಿಯೋದಲ್ಲಿ ಆ ಹಾಡು ಬರುವ ಹೊತ್ತಿಗೇ ಲಾಂಚು ದಡಕ್ಕೆ ಬರುತ್ತದೆ. ಎಂಜಿನ್ ಬಾಯಿ ಮುಚ್ಚುವಷ್ಟರಲ್ಲಿ ಅರ್ಧ ಹಾಡು ಕಳೆದಿರುತ್ತದೆ. ದುಗ್ಗಪ್ಪನ ಕಿವಿಗೆ ಬಿದ್ದದ್ದು ಉಳಿದರ್ಧ.

ಅಣೆಕಟ್ಟಿನ ನೀರು ಏರುವ ಮೊದಲು ಅವರು ಗದ್ದೆ ಮಾಡುತ್ತಿದ್ದವರು. ಆ ಗದ್ದೆ ಈಗ ಲಾಂಚಿನ ದಾರಿಯ ಕೆಳಗಿದೆ. “ದಿನಾ ಅದರ ಮೇಲೇ ಹೋಗ್ತೀನಿ. ಕಳೆ ಕೀಳೋದೊಂದು ತಪ್ತು,” ಎಂದು ನಗುತ್ತಾರೆ. ಎಂಜಿನ್ ಪಕ್ಕ ಕೂತೂ ಕೂತೂ ಎಡಗಿವಿ ಮಂದವಾಗಿದೆ.

ಹೋದ ಚಳಿಗಾಲದಲ್ಲಿ ವನಮಾಲಾ ಎಂಬ ಹುಡುಗಿಗೆ ಮಂಜಿನಲ್ಲಿ ಲಾಂಚು ಬಂದದ್ದೇ ತಿಳಿಯಲಿಲ್ಲ. ಪರೀಕ್ಷೆ ತಪ್ಪಿತು. “ನಾವು ತಿರುಗಿ ಬಂದಾಗ ದಡದಲ್ಲಿ ನಿಂತು ಅಳ್ತಿದ್ದಿದ್ದು ನನ್ನ ಈ ಕೆಟ್ಟ ಕಿವಿಗೂ ಕೇಳ್ತು. ಗಂಟೆ ಬಾರ್ಸಿದ್ರೆ ದನದ ಗಂಟೆ ಅಂದ್ಕಂತಾರೆ. ಅದಕ್ಕೇ ಕೊಳಲು.” ಅಂದಿನಿಂದ ಯಾವ ಮಗುವೂ ದಡದಲ್ಲಿ ಉಳಿದಿಲ್ಲ.

ಮಕ್ಕಳ ಜೊತೆಗೇ ದಾಟಿ ಹೊಳೆಬಾಗಿಲಿನ ದಡದ ಶಾಲೆಗೆ ಹೋಗುವ ವೇದಾವತಿ ಟೀಚರ್ ಸಾಗರದವರು; ತವರಿನ ರೇಡಿಯೋದಲ್ಲಿ ಹಾಡನ್ನು ಪೂರ್ತಿ ಕೇಳಿದವರು. ಇವತ್ತು ಲಾಂಚು ಹತ್ತಿದವರೇ ದುಗ್ಗಪ್ಪನ ಹತ್ತಿರ ಕೂತು, ಮೊದಲ ಭಾಗವನ್ನು ಗುನುಗುತ್ತಾರೆ. ದುಗ್ಗಪ್ಪ ಬಲಗಿವಿ ಕೊಟ್ಟು, ಕಣ್ಣು ಮುಚ್ಚಿ ಕೇಳುತ್ತಾರೆ.

“ಚಂದ ಐತೆ ಅಕ್ಕೋರೆ. ಇಷ್ಟ್ ಚಂದ ಇರತ್ತೆ ಅಂತ ಗೊತ್ತಿರ್ಲಿಲ್ಲ.”

“ಮತ್ತೆಂತ? ನಾ ಹೇಳಿಕೊಡ್ತೀನಿ, ನಾಳೆಯಿಂದ ಪೂರ್ತಿ ಊದಿ.”

ದುಗ್ಗಪ್ಪ ಮಕ್ಕಳತ್ತ ನೋಡುತ್ತಾರೆ. ಅರ್ಧ ಹೆಣೆದ ಜಡೆಯಲ್ಲೇ ಓಡಿಬಂದ ವನಮಾಲಾ, ರಿಬ್ಬನ್ನು ಹಲ್ಲಲ್ಲಿ ಕಚ್ಚಿಕೊಂಡು ಉಳಿದರ್ಧ ಹೆಣೆಯುತ್ತಿದ್ದಾಳೆ.

“ಬ್ಯಾಡ ಅಕ್ಕೋರೆ. ಮೊದ್ಲಿಂದ ಊದಿದ್ರೆ, ಈಗಷ್ಟೇ ಶುರುವಾತು ಅಂತ ಇವು ಜಡೆ ಪೂರ್ತಿ ಹಾಕ್ಕಂಡೇ ಹೊರಡ್ತಾವೆ.”

“ಭಾನುವಾರ ಶಾಲೆ ಇಲ್ವಲ್ಲ, ಅವತ್ತಿಗಾದ್ರೂ ಕಲೀರಿ.”

ಕೊಳಲನ್ನು ಸೊಂಟಕ್ಕೆ ಸಿಕ್ಕಿಸಿ ದುಗ್ಗಪ್ಪ ಎಂಜಿನ್ನಿನ ಹಿಡಿಕೆಗೆ ಕೈ ಹಾಕುತ್ತಾರೆ.

“ಬ್ಯಾಡ. ತಲೆ ಕಲ್ತ್ರೆ ಸೋಮವಾರನೂ ಬಾಯಿಗೆ ಅದೇ ಬರತ್ತೆ.”