ಏಳು ನಿಮಿಷದ ನಿಯಮ

ವಿನಿಪೆಗ್‌ನ ನಮ್ಮ ವಿಮಾ ಕಂಪನಿಯಲ್ಲಿ ಲೋರ್ನಾ ಫ್ರೀಸನ್ ನಿಂತಲ್ಲಿ ನಿಂತವಳಲ್ಲ. ಇಪ್ಪತ್ತಾರು ವರ್ಷಗಳ ಹಿಂದೆ ನಾವಿಬ್ಬರೂ ಅಕ್ಕಪಕ್ಕ ಕುಳಿತು ಗ್ರಾಹಕರ ಫೋನು ಎತ್ತುತ್ತಿದ್ದೆವು. ನಾನು ಅಲ್ಲೇ ಮೇಲ್ವಿಚಾರಕಿಯಾದೆ; ಅವಳು ಉಪಾಧ್ಯಕ್ಷೆಯಾದಳು. ಒಂದು ಕರೆಗೆ ಏಳೇ ನಿಮಿಷ ಎಂಬ ನಿಯಮ ಅವಳದು. ಅವಳನ್ನು ದೊಡ್ಡ ಅಧಿಕಾರಿಗಳ ಒಂಬತ್ತನೇ ಮಹಡಿಗೆ ಏರಿಸಿದ್ದೂ ಅದೇ.

ವರ್ಷಕ್ಕೊಂದು ದಿನ ಮೇಲಿನವರೆಲ್ಲ ಕೆಳಗಿಳಿದು ಫೋನು ಎತ್ತುವುದು ನಮ್ಮಲ್ಲಿ ವಾಡಿಕೆ. ಆ ಜನವರಿ ಬೆಳಿಗ್ಗೆ ಲೋರ್ನಾ ಬಂದಾಗ ಕೈಯಲ್ಲೊಂದು ಪತ್ರವಿತ್ತು. ಮೂರು ತಿಂಗಳಿಂದ ಏಳು ನಿಮಿಷ ಮೀರುತ್ತಿದ್ದ, ನನ್ನ ಕೈಕೆಳಗಿನ ಗ್ವೆನ್‌ಳನ್ನು ಕೆಲಸದಿಂದ ತೆಗೆಯುವ ಪತ್ರ. ಮಧ್ಯಾಹ್ನದೊಳಗೆ ಸಹಿಯಾಗಬೇಕಿತ್ತು.

"ಇನ್ನೊಂದ್ಸಲ ಯೋಚ್ನೆ ಮಾಡೇ," ಎಂದೆ.

"ನಿಂಗೆ ಎಲ್ಲರ ಮೇಲೂ ಪಾಪ ಅನ್ಸುತ್ತೆ. ಅದಕ್ಕೇ ಇನ್ನೂ ಇಲ್ಲೇ ಇದ್ದೀಯ," ಎಂದು ನಕ್ಕಳು. ಮೇಜಿನ ಮೇಲೆ ಅವಳ ಬೆರಳುಗಳು ಕುಣಿಯುತ್ತಲೇ ಇದ್ದವು.

ಮೊದಲ ಕರೆ ಡಾಫಿನ್ ಎಂಬ ಊರಿನ ಕಡೆಯ ಮುದುಕನದು. ಮನೆ ಸುಟ್ಟುಹೋಗಿತ್ತು. ಪಕ್ಕದಲ್ಲಿ ಇನ್ನೊಂದು ಫೋನು ಹಿಡಿದು ನಾನೂ ಕೇಳಿಸಿಕೊಳ್ಳುತ್ತಿದ್ದೆ.

"ಏನೇನು ಹೋಯ್ತು, ಹೇಳಿ."

"ಹಾಗೆ ಪಟ್ಟಿ ಹೇಳಕ್ಕೆ ಬರಲ್ಲಮ್ಮ. ಬಾಗಿಲಿಂದ ಒಳಗೆ ಹೋಗ್ತಾ ಹೇಳ್ಲಾ?"

ಲೋರ್ನಾ ತುಟಿ ಕಚ್ಚಿದಳು. ಆಮೇಲೆ, "ಹೂಂ, ನಡೀರಿ," ಎಂದಳು.

ಈಗಿಲ್ಲದ ಆ ಮನೆಯೊಳಗೆ ಮುದುಕ ಮಾತಿನಲ್ಲೇ ಕೋಣೆಯಿಂದ ಕೋಣೆಗೆ ನಡೆದ. ಏಳು ನಿಮಿಷಕ್ಕೆ ಮೇಜಿನ ಕೆಂಪು ದೀಪ ಹೊತ್ತಿತು. ಅವಳು ಅದರ ಮೇಲೆ ಅಂಗೈ ಮುಚ್ಚಿದಳು. ಇಪ್ಪತ್ತಮೂರು ನಿಮಿಷಕ್ಕೆ ಮಾತು ಮುಗಿದಾಗ ಪರಿಹಾರದ ಅರ್ಜಿಯಲ್ಲಿ ಒಂದು ಸಾಲೂ ಖಾಲಿ ಇರಲಿಲ್ಲ.

"ಇಂಥವರು ಸಾಮಾನ್ಯವಾಗಿ ಎಷ್ಟು ಸಲ ಫೋನ್ ಮಾಡ್ತಾರೆ?" ಎಂದು ಕೇಳಿದಳು.

"ಅರ್ಜಿ ತುಂಬೋ ತನಕ ನಾಲ್ಕು, ಐದು. ಗ್ವೆನ್ ಹತ್ರ ಮಾತಾಡಿದೋರು ಮಾತ್ರ ಮತ್ತೆ ಮಾಡಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ನಿನ್ನ ಹತ್ರ ಮಾತಾಡಕ್ಕೂ ಏಳು ನಿಮಿಷ ಸಿಗಲ್ವಲ್ಲ ಮಹಾರಾಣಿ!"

ಅವಳು ನಗಲಿಲ್ಲ. ಪತ್ರ ಹಿಡಿದು ಗ್ವೆನ್‌ಳ ಮೇಜಿನ ಬಳಿ ಹೋದಳು. ಪತ್ರ ಕಂಡು ಗ್ವೆನ್‌ಳ ಮುಖ ಬಿಳಿಚಿಕೊಂಡಿತು. ಆದರೂ ಫೋನಿನಲ್ಲಿದ್ದ ಹೆಂಗಸಿನ ಮಾತನ್ನು ತುಂಡರಿಸಲಿಲ್ಲ. ಲೋರ್ನಾ ಕಾಲು ಬದಲಿಸುತ್ತ, ಕಾಲು ಬದಲಿಸುತ್ತ ಕಾದಳು.

"ತಪ್ಪು ನಂದು," ಎಂದಳು ಕರೆ ಮುಗಿದ ಮೇಲೆ. "ನಿಮ್ಮ ಕೆಲಸ ಎಲ್ಲೂ ಹೋಗಲ್ಲ. ನಾಳೆಯಿಂದ ಒಂದು ವಾರ ನಿಮ್ಮ ಪಕ್ಕ ಕೂತು ಕಲೀತೀನಿ."

ಗ್ವೆನ್ ಕಣ್ಣೊರೆಸಿಕೊಂಡಳು. "ಹಾಗಾದ್ರೆ ಕಾಫಿ ನೀವೇ ತರ್ಬೇಕು. ಹೊಸಬರು ತರೋದು ಇಲ್ಲಿ ಪದ್ಧತಿ."