ಸಮಿತಿಯ ಮುಂದೆ ಅತ್ತೆ

ಸದನ ಮುಗಿದರೆ ಸೊಸೆಗೂ ರಜೆ ಎಂದೇ ಅತ್ತೆ ನಂಬಿದ್ದರು. "ಸಭೆಯೇ ಇಲ್ಲ, ಅಲ್ಲೇನು ಗೋಡೆ ಮಾತಾಡೋದನ್ನ ಬರೀತೀಯಾ?" ಎನ್ನುವರು. ಸೊಸೆ ಶಾಸನಸಭೆಯ ಶೀಘ್ರಲಿಪಿಗಾರ್ತಿ. ಸದನಕ್ಕೆ ಬೀಗ ಬಿದ್ದ ತಿಂಗಳುಗಳೇ ಸಮಿತಿಗಳಿಗೆ ಸುಗ್ಗಿ, ಅವಳಿಗೆ ಕೊಠಡಿಯಿಂದ ಕೊಠಡಿಗೆ ಓಟ. ಎಷ್ಟು ವಿವರಿಸಿದರೂ ಕೋಣನ ಮುಂದೆ ಕಿನ್ನರಿ.

ಒಂದು ಬೆಳಿಗ್ಗೆ ಅರ್ಜಿ ಸಮಿತಿಯ ಕೊಠಡಿಯಲ್ಲಿ ಅವಳು ಪೆನ್ಸಿಲ್ ಚೂಪು ಮಾಡಿಕೊಂಡು ಕೂತಿದ್ದಳು. ಅರ್ಜಿದಾರರಾಗಿ ಒಳಗೆ ಬಂದವರು ಸಾಕ್ಷಾತ್ ಅತ್ತೆ. ಆಸ್ಪತ್ರೆ ಎದುರಿನ ರಸ್ತೆ ದಾಟಲು ಸಿಗ್ನಲ್ ಕೊಡುವ ಹೊತ್ತು ಸಾಲದೆಂದು ಮನೆಯಲ್ಲಿ ಯಾರಿಗೂ ಹೇಳದೆ ಅರ್ಜಿ ಹಾಕಿದ್ದರು. ಸೊಸೆ ಎದ್ದು ಹೋಗಿ ಕಾರ್ಯದರ್ಶಿಯ ಕಿವಿಯಲ್ಲಿ, "ಸರ್, ಇವರು ನಮ್ಮತ್ತೆ" ಎಂದಳು.

"ಬೇರೆ ಯಾರೂ ಇಲ್ಲಮ್ಮ, ಎಲ್ಲಾ ಸಮಿತಿಗಳೂ ಇವತ್ತೇ ಕೂತಿವೆ. ಬರಿ."

ಅತ್ತೆ ಗಂಟಲು ಸರಿಮಾಡಿಕೊಂಡರು. "ಅರ್ಧ ರಸ್ತೆ ದಾಟೋದ್ರೊಳಗೆ ಕೆಂಪು ಬೀಳುತ್ತೆ ಸ್ವಾಮಿ. ನನ್ನ ಸೊಸೆ ಕೆಲಸ ಬಿಟ್ಟು ಬಂದು ಕೈಹಿಡಿದು ದಾಟಿಸ್ತಾಳೆ. ಅವಳಿಗೂ ಸುಸ್ತು, ಬಾಯಿಬಿಟ್ಟು ಹೇಳಲ್ಲ. ಹೆತ್ತ ಮಗಳೂ ಅಷ್ಟು ನೋಡ್ಕೊಳ್ಳಲ್ಲ."

ಸೊಸೆಯ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಅದನ್ನೂ ಬರೆದಳು.

ರಸ್ತೆ ಇಲಾಖೆಯ ಅಧಿಕಾರಿ, "ಆರಾಮಾಗಿ ದಾಟಬಹುದು" ಎಂದರು.

"ಹಾಗಾದ್ರೆ ದಾಟಿಯೇ ನೋಡೋಣ" ಎಂದು ಸಮಿತಿಯ ಅಧ್ಯಕ್ಷರು ಎದ್ದರು. ಸಮಿತಿಯೆಲ್ಲ ಅವರ ಹಿಂದೆ ಆಸ್ಪತ್ರೆ ಎದುರಿನ ರಸ್ತೆಗೆ ಹೋಯಿತು.

ಅಧ್ಯಕ್ಷರದು ಭಾರೀ ಮೈ, ಜೊತೆಗೆ ಮೊಣಕಾಲು ನೋವು. ಅತ್ತೆಯ ಹೆಜ್ಜೆಗೆ ಹೆಜ್ಜೆ ಹಾಕಿ ಹೊರಟವರು ನಟ್ಟನಡುವೆ ಸಿಕ್ಕಿಬಿದ್ದರು. ಕೆಂಪು ಬಿತ್ತು, ಹಾರ್ನ್‌ಗಳು ಬೊಬ್ಬಿಟ್ಟವು. ಸದನದಲ್ಲಿ ದಿನವೂ ಅವರ ಮೇಲೆ ಹರಿಹಾಯುವ ವಿರೋಧ ಪಕ್ಷದ ಸದಸ್ಯೆ ಎರಡೂ ಕೈ ಚಾಚಿ ಲಾರಿಗೆ ಅಡ್ಡ ನಿಂತರು. "ಬನ್ನಿ ಅಣ್ಣ, ನಿಧಾನ. ಜಗಳ ಆಚೆ ಕಡೆ ಇಟ್ಕೊಳ್ಳೋಣ" ಎಂದರು. ಲಾರಿಯವನೂ ನಕ್ಕ. ಅಧಿಕಾರಿ ಮಾತ್ರ ಒಂಟಿ ಚಪ್ಪಲಿಯಲ್ಲಿ ದಡ ಸೇರಿದ್ದರು. ಇನ್ನೊಂದು ಚಪ್ಪಲಿ ಬಸ್ಸಿನಡಿ ಅಪ್ಪಚ್ಚಿಯಾಗಿತ್ತು.

ಮನೆಗೆ ಬರುವಾಗ ಅತ್ತೆ ಮೆಲ್ಲಗೆ ಕೇಳಿದರು. "ನಾನು ಹೇಳಿದ್ದೆಲ್ಲ ಬರೆದ್ಯಾ?"

"ಒಂದಕ್ಷರವೂ ಬಿಡದೆ, ಅತ್ತೆ."

"ಸೊಸೆ ವಿಷಯಾನೂ?"

"ಅದನ್ನೂ."

"ಮನೇಲಿ ಓದಬೇಡ, ನಾಚಿಕೆ ಆಗುತ್ತೆ."

ಮುಂದಿನ ಅಧಿವೇಶನ ಶುರುವಾಗುವ ಮುಂಚೆಯೇ ಆ ಸಿಗ್ನಲ್ ದೀಪದ ಹೊತ್ತು ಹೆಚ್ಚಿತು. ಅತ್ತೆ ಈಗ ಒಬ್ಬರೇ ದಾಟುತ್ತಾರೆ, ನಡುವೆ ನಿಂತು ಸೆರಗು ಸರಿಮಾಡಿಕೊಳ್ಳುವಷ್ಟು ನಿಧಾನವಾಗಿ. ಅದಕ್ಕೆ ಲಾರಿಯವರು ಬೈದರೆ, "ಸಮಿತಿಗೆ ಹೇಳು ಹೋಗಪ್ಪ" ಎನ್ನುತ್ತಾರೆ.