ಅರ್ಧ ಹಾರ್ಸ್‌ಪವರ್

ತೊಂಬತ್ತರ ದಶಕದ ಕೊನೆಯಲ್ಲಿ, ಬಸವಕಲ್ಯಾಣದ ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಕಲಿಸುತ್ತಿದ್ದ ಟೀಚರ್, ಉತ್ತರದ ಮುಂದೆ ಜೂಲ್, ವ್ಯಾಟ್ ಎಂದು ಬರೆಯದಿದ್ದರೆ ಹಾಳೆ ಹಿಂದಿರುಗಿಸುತ್ತಿದ್ದರು. "ಮಾನ ಇಲ್ಲದ ಅಂಕಿ ನನಗ ಬ್ಯಾಡ್ರಿ" ಎನ್ನುತ್ತ ಸೀಮೆಸುಣ್ಣದ ಕೈಯನ್ನು ಸೆರಗಿಗೇ ಒರೆಸಿಕೊಳ್ಳುವರು.

ಒಂದು ದಿನ ನಮ್ಮ ಸಾಮರ್ಥ್ಯವನ್ನೇ ಅಳೆಯೋಣವೆಂದರು. ತೂಕ ನೋಡಿಸಿಕೊಂಡು ಮೆಟ್ಟಿಲು ಓಡಿ ಹತ್ತಬೇಕು. ತೂಕ, ಮೆಟ್ಟಿಲಿನ ಎತ್ತರ, ಹಿಡಿದ ಸೆಕೆಂಡುಗಳಿಂದ ವ್ಯಾಟ್ ಲೆಕ್ಕ ಹಾಕಬೇಕು. ತರಗತಿಯಲ್ಲಿ ಎಲ್ಲರಿಗಿಂತ ದಪ್ಪಗಿದ್ದವಳು ನಾನು. ತೂಕದ ಯಂತ್ರ ಕಂಡೊಡನೆ ಹಿಂದೆ ಸರಿದೆ. ಟೀಚರ್ ಅದನ್ನು ನೋಡಿದರು. ಆಮೇಲೆ ಎಲ್ಲರ ತೂಕವನ್ನೂ ಮುಳ್ಳಿಗೆ ಅಂಗೈ ಅಡ್ಡ ಹಿಡಿದು ತಾವೊಬ್ಬರೇ ಬರೆದುಕೊಂಡರು.

"ಈಗ ಓಡವ್ವ" ಎಂದರು. ಓಡಿದೆ.

ಬೋರ್ಡಿನ ಮೇಲೆ ಕಿಲೋ ಬರಲೇ ಇಲ್ಲ. ನನ್ನ ಹೆಸರಿನ ಮುಂದೆ 373 ವ್ಯಾಟ್ ಎಂದು ಬರೆದು, 746ರಿಂದ ಭಾಗಿಸಿದರು.

"ಅರ್ಧ ಹಾರ್ಸ್‌ಪವರ್! ಮಾಳಿಗಿ ಮ್ಯಾಲ ನೀರು ಏರಸೋ ಮೋಟರ್ ಇಷ್ಟೇ ಇರ್ತದ. ನಿಮ್ಮೊಳಗ ಇಷ್ಟು ಮತ್ಯಾರದೂ ಇಲ್ಲ."

ಯಾರೂ ನಗಲಿಲ್ಲ. ಅಂದು ಮನೆಗೆ ಹೋಗಿ, ಎಷ್ಟೋ ತಿಂಗಳ ಮೇಲೆ, ಅವ್ವನನ್ನು ಇನ್ನೊಂದು ರೊಟ್ಟಿ ಕೇಳಿ ತಿಂದೆ.

ಇದನ್ನು ಟೀಚರಿಗೆ ಹೇಳಬೇಕೆಂದುಕೊಳ್ಳುತ್ತಲೇ ವರ್ಷ ಮುಗಿದು, ಅವರಿಗೆ ಹುಮನಾಬಾದಿಗೆ ವರ್ಗವಾಯಿತು. ಕಾಲೇಜು ಸೇರಿದ ಮೇಲೆ ಆ ಶಾಲೆಯನ್ನು ಹುಡುಕಿಕೊಂಡು ಹೋದೆ.

"ಅವರು ಹ್ವಾದ ವರ್ಷನೇ ಬಿಟ್ಟು ಹೋದ್ರಲ್ರಿ. ಎಲ್ಲಿಗಂತ ಗೊತ್ತಿಲ್ಲ" ಎಂದ ಜವಾನ. ನಾನು ಅಲ್ಲೇ ನಿಂತದ್ದು ನೋಡಿ, "ಏನರ ಹೇಳೋದಿತ್ತೇನ್ರಿ?" ಎಂದು ಕೇಳಿದ.

ಹೌದೆಂದೆ. ಆದರೆ ಅದು ಇನ್ನೊಬ್ಬರ ಕೈಯಲ್ಲಿ ಹೇಳಿ ಕಳಿಸುವ ಮಾತಾಗಿರಲಿಲ್ಲ.